ನಾನು ಒಪ್ಪಿದೆ, ಅಮ್ಮ ಒಪ್ಪಲಿಲ್ಲ

ಭಾರತದ ಕಾನೂನಿನ ಪ್ರಕಾರ ಸಾಫ್ಟ್‌ವೇರ್ ಸಾಹಿತ್ಯದ ಲೆಕ್ಕಕ್ಕೆ ಬರುತ್ತದೆ. ತಮಾಷೆಗೆ ಹೇಳುತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನೂ ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳನ್ನೂ ಒಟ್ಟಿಗಿಟ್ಟುಕೊಂಡು ನೋಡಿ. ಕಂಪ್ಯೂಟರ್ ಪ್ರೋಗ್ರಾಮು ಕಥೆ, ಕವಿತೆ, ಕಾದಂಬರಿಗಳ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಂಡು ಕೂತಿದೆ. ಕಾದಂಬರಿಕಾರನಿಗೆ ಇರುವ ಹಾಗೆ ಪ್ರೋಗ್ರಾಮು ಬರೆದವನಿಗೂ ಬದುಕಿರುವಷ್ಟು ಕಾಲ, ಸತ್ತ ಮೇಲೆ ಇನ್ನೂ 60 ವರ್ಷ ಹಕ್ಕು.

ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಬಾಯಿಬಿಡಬಾರದಿತ್ತು. ಅಲ್ಲಿಯವರೆಗೆ ಈ ಮನೆಗೆ ನಾನೊಬ್ಬನೇ ಸಾಹಿತಿ. ಊಟಕ್ಕೆ ಕರೆದರೆ ‘ಈ ಪ್ಯಾರಾ ಮುಗಿಸಿ ಬರ್ತೀನಿ’ ಅನ್ನುವ ಹಕ್ಕು, ಅಕ್ಕಿ ಮೂಟೆ ಇಳಿಸುವ ಹೊತ್ತಿಗೆ ಸರಿಯಾಗಿ ಯೋಚನಾಮಗ್ನನಾಗುವ ಹಕ್ಕು, ಇಂಥ ಕೆಲವು ಸವಲತ್ತುಗಳು ನನಗೆ ಮೀಸಲಾಗಿದ್ದವು. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸದಲ್ಲಿರುವ ಮಗಳು ಶನಿವಾರ ಮೈಸೂರಿಗೆ ಬಂದವಳು ಇದನ್ನು ಕೇಳಿದಳು ನೋಡಿ, ‘ಹಾಗಾದ್ರೆ ಅಪ್ಪ, ನಾನು ನಿನಗಿಂತ ದೊಡ್ಡ ಸಾಹಿತಿ. ದಿನಾ ಬರೀತೀನಿ, ತಿಂಗಳಿಗೆ ಸರಿಯಾಗಿ ಸಂಭಾವನೇನೂ ಬರತ್ತೆ’ ಅಂದಳು. ಅಷ್ಟಕ್ಕೇ ಬಿಡಲಿಲ್ಲ. ‘ನಾನು ಬರೆದಿದ್ದರಲ್ಲಿ ಒಂದು ಚುಕ್ಕಿ ತಪ್ಪಿದ್ರೂ ಓಡಲ್ಲ. ನಿಂದು ಎಷ್ಟು ತಪ್ಪಿದ್ರೂ ಅಚ್ಚಾಗತ್ತೆ.’ ನನಗೆ ಉಳಿದದ್ದು ಒಂದೇ ಸಮಾಧಾನ: ನೌಕರಿಯಲ್ಲಿದ್ದುಕೊಂಡು ಬರೆದದ್ದರ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ. ನನ್ನ ಕೃತಿಗಳ ಹಕ್ಕು ಪೂರ್ತಿಯಾಗಿ ನನ್ನ ಹತ್ತಿರವೇ ಇದೆ. ಯಾರೂ ಕೇಳಿಕೊಂಡು ಬಂದಿಲ್ಲ.

ಅಂದಿನಿಂದ, ಹೊಟ್ಟೆಕಿಚ್ಚಿಗೇ ಅನ್ನಿ, ಲೈಸೆನ್ಸು, ಸೆಕ್ಯೂರಿಟಿ ಅಂತ ಓದಿಕೊಂಡು ಊಟದ ಹೊತ್ತಿಗೆ ಉಪನ್ಯಾಸ ಕೊಡುವ ಚಾಳಿ ಹತ್ತಿತು. ಸಭಿಕರು ಇಬ್ಬರು. ಒಬ್ಬಳು ಹೆಂಡತಿ, ಬಡಿಸುತ್ತಿರುವುದರಿಂದ ಎದ್ದು ಹೋಗುವಂತಿಲ್ಲ. ಇನ್ನೊಬ್ಬರು ಎಂಬತ್ತು ದಾಟಿದ ನಮ್ಮಮ್ಮ. ಮಂಡಿನೋವು, ಎದ್ದು ಹೋಗುವಂತಿಲ್ಲ.

ಮೊದಲ ಉಪನ್ಯಾಸ ಮುಗ್ಗರಿಸಿದ್ದು ಒಡೆತನದ ಪ್ರಶ್ನೆಯಲ್ಲಿ. ‘ಅಂಗಡಿಯಿಂದ ತಂದ ಲ್ಯಾಪ್‌ಟಾಪು ನಮ್ಮದು. ಒಳಗಿರೋ ಸಾಫ್ಟ್‌ವೇರ್ ನಮ್ಮದಲ್ಲ. ಬಳಸ್ಕೊಳ್ಳಿ ಅಂತ ಅನುಮತಿ ಕೊಟ್ಟಿದಾರೆ. ಆ ಅನುಮತಿಗೇ ಲೈಸೆನ್ಸ್ ಅನ್ನೋದು’ ಅಂದೆ.

‘ದುಡ್ಡು?’ ಅಂದಳು ಇವಳು. ಸಾರಿನ ಸೌಟು ನನ್ನ ತಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತ್ತು.

‘ದುಡ್ಡು ಅನುಮತಿಗೆ.’

‘ಅಂದ್ರೆ ದುಡ್ಡೂ ಹೋಯ್ತು, ವಸ್ತೂನೂ ನಮ್ಮದಲ್ಲ.’

ಕಾನೂನು ಪಂಡಿತರು ಪುಟಗಟ್ಟಲೆ ಬರೆಯುವುದನ್ನು ಇವಳು ಒಂದು ಸೌಟು ಸಾರಿನಷ್ಟರಲ್ಲಿ ಮುಗಿಸಿದ್ದು ನನಗೆ ಸರಿಬರಲಿಲ್ಲ. ಉದಾಹರಣೆ ಕೊಟ್ಟೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತನ್ನ ಕಿಂಡಲ್ ಓದುಗರ ಯಂತ್ರಗಳೊಳಗಿಂದ ಒಂದಷ್ಟು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಅವುಗಳ ಹಕ್ಕೇ ಇರಲಿಲ್ಲವಂತೆ. ಕೊಂಡವರಿಗೆ ದುಡ್ಡು ವಾಪಸ್ ಬಂತು, ಆಮೇಲೆ ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದ. ಆದರೆ ಅಳಿಸಿದವುಗಳಲ್ಲಿ ಒಂದು ಯಾವುದು ಅನ್ನುತ್ತೀರಿ? ಪ್ರಜೆಗಳ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟಿರುವ ಸರ್ಕಾರದ ಕಥೆ, ಜಾರ್ಜ್ ಆರ್ವೆಲ್‌ನ ‘1984’! ನಾನು ಇಲ್ಲಿ ಒಂದು ನಿಟ್ಟುಸಿರಿಗೆ ಜಾಗ ಬಿಟ್ಟಿದ್ದೆ. ಇವಳು ನಡುಮನೆಯ ಪುಸ್ತಕದ ಬೀರುವಿನ ಕಡೆ ನೋಡಿ, ‘ಇವನ್ನೂ ಯಾರಾದ್ರೂ ಹಾಗೆ ರಾತ್ರೋರಾತ್ರಿ ತಗೊಂಡ್ಹೋಗೋ ಹಾಗಿದ್ರೆ ಧೂಳು ಹೊಡೆಯೋದು ತಪ್ತಿತ್ತು’ ಅಂದಳು.

ಲೈಸೆನ್ಸಿನ ಷರತ್ತುಗಳನ್ನು ಯಾರೂ ಓದುವುದಿಲ್ಲ ಎಂಬುದು ಜಗತ್ತಿಗೇ ಗೊತ್ತಿರುವ ಗುಟ್ಟು. ಅಮೆರಿಕದ ಪಿಸಿ ಪಿಟ್‌ಸ್ಟಾಪ್ ಎಂಬ ಕಂಪನಿ 2005ರ ಹೊತ್ತಿಗೆ ಒಂದು ಪರೀಕ್ಷೆ ಮಾಡಿತು. ತನ್ನ ಒಪ್ಪಂದದ ನಡುವೆ ಎಲ್ಲೋ ‘ಈ ವಿಳಾಸಕ್ಕೆ ಬರೆದರೆ ಬಹುಮಾನ’ ಎಂದು ಸೇರಿಸಿಟ್ಟಿತು. ನಾಲ್ಕು ತಿಂಗಳು, ಮೂರು ಸಾವಿರಕ್ಕೂ ಹೆಚ್ಚು ಡೌನ್‌ಲೋಡ್ ಆದ ಮೇಲೆ ಒಬ್ಬ ಪುಣ್ಯಾತ್ಮ ಬರೆದ. ಅವನಿಗೆ ಸಾವಿರ ಡಾಲರ್ ಸಿಕ್ಕಿತು. ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ಆಟದಂಗಡಿ 2010ರ ಏಪ್ರಿಲ್ ಒಂದರಂದು, ಗಿರಾಕಿಯ ಅಮರ ಆತ್ಮ ಇನ್ನು ಮುಂದೆ ಅಂಗಡಿಗೆ ಸೇರತಕ್ಕದ್ದು ಎಂದು ಷರತ್ತು ಹಾಕಿತು. ಸುಮಾರು ಏಳೂವರೆ ಸಾವಿರ ಜನ ಆತ್ಮ ಬರೆದುಕೊಟ್ಟರು. ಐಟ್ಯೂನ್ಸ್‌ನಲ್ಲಿ ಹಾಡು ಕೇಳುವವರು ಅದನ್ನು ಬಳಸಿ ಅಣ್ವಸ್ತ್ರ ತಯಾರಿಸಕೂಡದು ಎಂದು ಆಪಲ್ ಕಂಪನಿಯ ಷರತ್ತಿನಲ್ಲಿತ್ತು. ಹಾಡು ಕೇಳುತ್ತ ಕೇಳುತ್ತ ಬಾಂಬಿನ ಯೋಚನೆ ಯಾರಿಗೆ ಬಂದೀತೋ! ಪಕ್ಕದ ಛತ್ರದವರು ಧ್ವನಿವರ್ಧಕ ಹಾಕಿದಾಗ ನನಗೆ ಬಂದದ್ದುಂಟು.

ನನ್ನ ವಿಷಯವೇ ವಿಚಿತ್ರ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತದ ತಪ್ಪು ಹುಡುಕುವವನು ನಾನು. ಹೋಟೆಲಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವನು, ‘ಎಲ್ಲ ಷರತ್ತುಗಳನ್ನೂ ಓದಿ ಅರ್ಥಮಾಡಿಕೊಂಡು ಒಪ್ಪಿದ್ದೇನೆ’ ಎಂಬ ಚೌಕ ಕಂಡರೆ ಸಾಕು, ಬೆರಳು ತಾನಾಗಿ ಹೋಗಿ ಒತ್ತುತ್ತದೆ. ನಮ್ಮ ಮನೆಯಲ್ಲಿ ನನ್ನ ಒಪ್ಪಿಗೆಯನ್ನು ಕೇಳುವವರು ಈ ಕಂಪನಿಗಳು ಮಾತ್ರ. ಕೇಳುವವರೇ ಇಲ್ಲದವನಿಗೆ ಯಾರಾದರೂ ಕೇಳಿದ ತಕ್ಷಣ ಇಲ್ಲ ಅನ್ನಲು ಮನಸ್ಸು ಬಾರದು.

ಅಮ್ಮ ಹಾಗಲ್ಲ. ಅವರು ಯಾವುದಕ್ಕೂ ಓದದೆ ರುಜು ಹಾಕಿದವರಲ್ಲ. ಅವರ ಮಾವ, ಅಂದರೆ ನಮ್ಮ ತಾತ, ಯಾರೋ ನೀಡಿದ ಕಾಗದಕ್ಕೆ ನಶ್ಯದ ಡಬ್ಬಿಯ ಮೇಲೆ ಇಟ್ಟುಕೊಂಡೇ ರುಜು ಹಾಕಿ ಗದ್ದೆ ಕಳೆದುಕೊಂಡರಂತೆ. ಆ ಗದ್ದೆಯನ್ನು ಅಮ್ಮ ನೋಡಿದವರಲ್ಲ. ಆದರೆ ಆ ಕಥೆ ಕೇಳಿದಂದಿನಿಂದ ಗ್ಯಾಸ್ ಸಿಲಿಂಡರಿನ ರಸೀದಿಯನ್ನೂ ಹಿಂದೆ ಮುಂದೆ ತಿರುಗಿಸಿ ಓದಿದ ಮೇಲೇ ಸಿಲಿಂಡರು ಒಳಗೆ ಬರುವುದು.

ದುಡ್ಡು ಕೊಡದೆ ಬಳಸುವ ವಿದ್ಯೆಯ ವಿಚಾರಕ್ಕೆ ಬರೋಣ. ನಲವತ್ತು ದಿನ ಬಿಟ್ಟಿ, ಆಮೇಲೆ ದುಡ್ಡು ಕೊಡಿ ಅನ್ನುವ ವಿನ್‌ರಾರ್ ಎಂಬ ಸಾಫ್ಟ್‌ವೇರ್ ಇದೆ. ನಲವತ್ತು ದಿನ ಕಳೆದ ಮೇಲೂ ಅದು ‘ದಯವಿಟ್ಟು ಕೊಂಡುಕೊಳ್ಳಿ’ ಎಂದು ಒಂದು ಮಾತು ಕೇಳಿ ಸುಮ್ಮನಾಗುತ್ತದೆ, ಕೆಲಸ ನಿಲ್ಲಿಸುವುದಿಲ್ಲ. ಇಂಥ ಮರ್ಯಾದಸ್ಥ ಸಾಫ್ಟ್‌ವೇರ್ ನಾನು ಬೇರೆ ಕಂಡಿಲ್ಲ. ಉಳಿದದ್ದಕ್ಕೆಲ್ಲ ಆಗ ಒಂದೇ ದಾರಿಯಿತ್ತು. ಕಂಪ್ಯೂಟರ್ ಜೋಡಿಸಿಕೊಡುವ ಹುಡುಗ ಬ್ಯಾಗಿನಿಂದ ಹತ್ತಾರು ಸಿಡಿ ತೆಗೆದು ಇಸ್ಪೀಟಿನ ಹಾಗೆ ಹರಡುತ್ತಿದ್ದ. ‘ಸಾರ್, ಯಾವುದು ಬೇಕು ಹೇಳಿ, ಎಲ್ಲಾ ಹಾಕ್ಕೊಡ್ತೀನಿ.’ ಸಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಉದ್ದನೆಯ ಸಂಖ್ಯೆಯೇ ಲೈಸೆನ್ಸು. ಗಾಂಧೀಜಿಯ ಬಗ್ಗೆ ನಾನು ಬರೆದ ದೀರ್ಘ ಲೇಖನವನ್ನು ಟೈಪ್ ಮಾಡಿದ್ದು ಇಂಥ ಕಂಪ್ಯೂಟರಿನಲ್ಲೇ. 2008ರ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟ್ ಇಂಥ ನಕಲಿ ಪ್ರತಿಗಳ ಪರದೆಯ ಹಿನ್ನೆಲೆಯನ್ನು ಗಂಟೆಗೊಮ್ಮೆ ಕಪ್ಪಾಗಿಸುವ ಏರ್ಪಾಡು ಮಾಡಿತು. ನಮ್ಮ ಮನೆಯ ಕಂಪ್ಯೂಟರೂ ಮಸಿ ಬಳಿದುಕೊಂಡಾಗ ಅಮ್ಮ ಪಂಚಾಂಗ ತೆಗೆದು ಗ್ರಹಣ ಇದೆಯೇ ನೋಡಿದರು. ಇರಲಿಲ್ಲ. ನಕಲಿ ಎಂದು ಗೊತ್ತಿದ್ದೂ ಬಳಸಿದರೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಎಂದು ಮಗಳು ಕಾಯ್ದೆಯ 63ಬಿ ಕಲಮನ್ನು ಈಚೆಗೆ ಓದಿ ಹೇಳಿದಾಗ, ‘ಲಾಭಕ್ಕಾಗಿ ಬಳಸದಿದ್ದರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು’ ಎಂಬ ಸಾಲನ್ನು ನಾನೇ ತೋರಿಸಿದೆ. ನನ್ನ ಬರವಣಿಗೆಯಿಂದ ಲಾಭ ಬಂದಿಲ್ಲ ಎಂದು ಪ್ರಮಾಣ ಮಾಡಿ ಹೇಳಲು ಇವಳು ಯಾವ ಕೋರ್ಟಿಗೆ ಬೇಕಾದರೂ ಬರಲು ಸಿದ್ಧ.

ಈ ನಕಲಿಗೂ ವೈರಸ್ಸಿಗೂ ಹಳೆಯ ನಂಟು. ಐಬಿಎಂ ಮಾದರಿಯ ಪಿಸಿಗಳಿಗೆ ಹಬ್ಬಿದ ಮೊದಲ ವೈರಸ್ ಅಂತ ಹೆಸರಾದದ್ದು 1986ರ ‘ಬ್ರೇನ್’. ಬರೆದವರು ಲಾಹೋರಿನ ಇಬ್ಬರು ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ. ತಾವು ಮಾಡಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ಪ್ರತಿ ಮಾಡುತ್ತಾರೆಂದು ಅವರಿಗೆ ಸಿಟ್ಟು. ಕದ್ದವರಿಗೆ ಬುದ್ಧಿ ಕಲಿಸಲು ಬಿಟ್ಟದ್ದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ದೇಶ ದೇಶ ಸುತ್ತಿತು. ಸ್ವಾರಸ್ಯ ಏನೆಂದರೆ, ಆ ವೈರಸ್ಸಿನ ಒಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಬರೆದಿಟ್ಟಿದ್ದರು. ಎಲ್ಲೆಲ್ಲಿಂದಲೋ ಅವರಿಗೆ ಫೋನು ಬರತೊಡಗಿತಂತೆ. ಅಮ್ಮ ಇದನ್ನು ಬಹಳ ಮೆಚ್ಚಿಕೊಂಡರು. ‘ಅಡ್ರೆಸ್ಸು ಬರೆದಿಟ್ಟಿದ್ರಾ? ಒಳ್ಳೆ ಮನೆತನದ ಮಕ್ಕಳು’ ಅಂದರು.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದವನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಎಂಐಟಿಯ ಪ್ರಯೋಗಾಲಯದಲ್ಲಿ ಒಂದು ಹೊಸ ಲೇಸರ್ ಪ್ರಿಂಟರು. ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದರ ಸಾಫ್ಟ್‌ವೇರಿನ ಮೂಲ ಬರಹ ಕೊಡಿ, ನಾನೇ ಸರಿಮಾಡಿಕೊಳ್ಳುತ್ತೇನೆ ಅಂದರೆ, ಕೊಡುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ನಾನು ಅದರ ತಲೆಯ ಮೇಲೆ ಎರಡು ಬಾರಿಸುತ್ತೇನೆ. ಸ್ಟಾಲ್‌ಮನ್ ಮುಕ್ತ ಸಾಫ್ಟ್‌ವೇರಿನ ಚಳವಳಿ ಕಟ್ಟಿದ. 1983ರಲ್ಲಿ ಗ್ನೂ ಯೋಜನೆ, 1989ರಲ್ಲಿ ಜಿಪಿಎಲ್ ಎಂಬ ಲೈಸೆನ್ಸು. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದು ಮರುವರ್ಷ ಅದನ್ನು ಇದೇ ಲೈಸೆನ್ಸಿನಡಿ ತಂದ. ಇವತ್ತು ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಅದೇ ಲಿನಕ್ಸಿನ ತಿರುಳು.

ಜಿಪಿಎಲ್ ಅನ್ನು ಅಮ್ಮನಿಗೆ ಅರ್ಥಮಾಡಿಸುವುದು ನನ್ನಿಂದ ಆಗಲಿಲ್ಲ. ಮಗಳು ಮಾಡಿದಳು. ‘ಅಜ್ಜಿ, ಪಕ್ಕದ ಮನೆಯಿಂದ ಹೆಪ್ಪು ಇಸ್ಕೊಂಡು ಬರ್ತೀಯ. ಹಾಲಿಗೆ ಹಾಕ್ತೀಯ. ಮೊಸರಾಗತ್ತೆ. ನೀನೇ ತಿಂದ್ಕೊಂಡ್ರೆ ಯಾರೂ ಏನೂ ಕೇಳಲ್ಲ. ಆದ್ರೆ ಇನ್ನೊಬ್ಬರಿಗೆ ಕೊಟ್ಟೆ ಅಂದ್ರೆ, ಇದರಿಂದ ಹೆಪ್ಪು ಹಾಕ್ಕೋಬೇಡಿ, ಬೇರೆಯವರಿಗೆ ಕೊಡಬೇಡಿ ಅನ್ನೋ ಹಾಗಿಲ್ಲ. ಮೊಸರು ಮಾರಿ ದುಡ್ಡು ಮಾಡ್ಕೋ, ಅಡ್ಡಿಯಿಲ್ಲ. ಹೆಪ್ಪು ಮಾತ್ರ ಬಚ್ಚಿಡೋ ಹಾಗಿಲ್ಲ.’

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ‘ದೀಪ ಹಚ್ಚಿದ ಮೇಲೆ ಬಂದು ಕೇಳಿದ್ರೆ?’

ಜಿಪಿಎಲ್‌ನ 1989ರ ಆವೃತ್ತಿಯಲ್ಲಾಗಲಿ 1991ರದರಲ್ಲಾಗಲಿ 2007ರದರಲ್ಲಾಗಲಿ ದೀಪ ಹಚ್ಚಿದ ಮೇಲಿನ ಪ್ರಸ್ತಾಪವೇ ಇಲ್ಲ. ‘ಹಾಗಿದ್ರೆ ಗಂಡಸರು ಕೂತು ಬರೆದಿರೋದು’ ಅಂದರು ಅಮ್ಮ.

ನಮ್ಮ ಕನ್ನಡದ ಮಟ್ಟಿಗೆ ಹೇಳುವುದಾದರೆ ‘ಬರಹ’, ‘ನುಡಿ’ ಎಂಬ ಟೈಪಿಂಗ್ ಸಾಫ್ಟ್‌ವೇರುಗಳೆರಡೂ ಪುಕ್ಕಟೆಯಾಗಿ ಸಿಕ್ಕದಿದ್ದರೆ ನನ್ನಂಥವನು ಇವತ್ತಿಗೂ ಕಾಗದದ ಎರಡೂ ಬದಿಗೆ ಬರೆದು ಸಂಪಾದಕರ ಶಾಪ ತಿನ್ನುತ್ತಿದ್ದ. ಆದರೆ ಯೂನಿಕೋಡ್ ಬರುವುದಕ್ಕೆ ಮುಂಚಿನ ನನ್ನ ಲೇಖನಗಳನ್ನು ಈಗಿನ ಫೋನಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಸೊನ್ನೆ, ಸೊಟ್ಟ ಗೆರೆ, ಪೌಂಡಿನ ಗುರುತು. ಒಂದು ದಿನದ ಉಪನ್ಯಾಸದಲ್ಲಿ ನಾನು ಎನ್‌ಕ್ರಿಪ್ಷನ್ ವಿವರಿಸುತ್ತಿದ್ದೆ. ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರ ಕೈಗೆ ಸಿಕ್ಕರೂ ಓದಲಾಗದ ಹಾಗೆ ಅಕ್ಷರಗಳನ್ನು ಕಲಸಿಬಿಡುವುದು. ಇವಳು ನನ್ನ ಹಳೆಯ ಲೇಖನವೊಂದನ್ನು ಫೋನಿನಲ್ಲಿ ತೆರೆದು ತೋರಿಸಿ, ‘ಇದಾ? ಇದು ಮೊದಲಿಗಿಂತ ಚೆನ್ನಾಗಿದೆ, ಹೀಗೇ ಇರಲಿ ಬಿಡಿ’ ಅಂದಳು.

ಎನ್‌ಕ್ರಿಪ್ಷನ್ ಇದೆ ಎನ್ನುವುದಕ್ಕೆ ಬ್ರೌಸರಿನ ಮೂಲೆಯಲ್ಲಿ ಪುಟ್ಟ ಬೀಗದ ಚಿತ್ರ ಇರುತ್ತಿತ್ತಲ್ಲ, ಅದನ್ನು ಕಂಡು ನಿಶ್ಚಿಂತರಾದವರಲ್ಲಿ ನಾನೂ ಒಬ್ಬ. ಬೀಗ ಹೇಳುತ್ತಿದ್ದದ್ದು ಇಷ್ಟೇ: ನಿಮಗೂ ಆ ತುದಿಯಲ್ಲಿ ಕೂತವನಿಗೂ ನಡೆಯುವ ಮಾತುಕತೆ ದಾರಿಯಲ್ಲಿ ಬೇರೆಯವರ ಕಿವಿಗೆ ಬೀಳುವುದಿಲ್ಲ. ಆ ತುದಿಯಲ್ಲಿ ಕೂತವನೇ ಕಳ್ಳನಾದರೆ, ಕಳ್ಳನ ಜತೆ ಗುಟ್ಟಾಗಿ ಮಾತಾಡಿದಿರಿ ಎಂದಾಯಿತು. ಜನ ಹೀಗೆ ಬೀಗ ನೋಡಿ ಮೋಸಹೋಗುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿತು.

ಪಾಸ್‌ವರ್ಡಿನ ಕಥೆ ಇನ್ನೂ ಚೆಂದ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಇದೇ ಎಂಐಟಿಯಲ್ಲಿ, ಫರ್ನಾಂಡೊ ಕಾರ್ಬಾಟೊ ತಂಡದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ. ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸಬೇಕು, ಒಬ್ಬೊಬ್ಬರಿಗೂ ಇಂತಿಷ್ಟು ಹೊತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಹೊತ್ತು ಸಾಲದಾಯಿತು. ಪಾಸ್‌ವರ್ಡುಗಳ ಪಟ್ಟಿಯನ್ನೇ ಅಚ್ಚು ಹಾಕು ಎಂದು ಕಂಪ್ಯೂಟರಿಗೆ ಹೇಳಿದ. ಅದು ವಿನಯದಿಂದ ಹಾಕಿಕೊಟ್ಟಿತು. ಪಾಸ್‌ವರ್ಡೂ ಅದರ ಕಳ್ಳತನವೂ ಹೆಚ್ಚುಕಮ್ಮಿ ಅವಳಿಜವಳಿ. 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಬಿಲ್ ಬರ್ ಎಂಬಾತ, ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ, ಆಗಾಗ ಬದಲಿಸುತ್ತಿರಿ ಎಂದು ಸಲಹೆ ಬರೆದ. ಲೋಕಕ್ಕೆ ಲೋಕವೇ ಪಾಲಿಸಿತು. 2017ರಲ್ಲಿ, ನಾನು ಬರೆದದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪವಾಗಿದೆ ಎಂದು ಅವನೇ ಒಪ್ಪಿಕೊಂಡ. ಅದೇ ವರ್ಷ ಆ ಸಂಸ್ಥೆಯೂ, ಕಾರಣವಿಲ್ಲದೆ ಪದೇ ಪದೇ ಬದಲಿಸಬೇಡಿ, ಉದ್ದ ಇದ್ದರೆ ಒಳ್ಳೆಯದು ಎಂದು ಮಾತು ತಿರುಗಿಸಿತು.

ಈ ಹದಿನಾಲ್ಕು ವರ್ಷದ ಪಶ್ಚಾತ್ತಾಪದ ಭಾರವನ್ನು ಹೊತ್ತದ್ದು ನಮ್ಮ ಮನೆಯ ಒಂಟಿಕೊಪ್ಪಲ್ ಪಂಚಾಂಗ. ಬ್ಯಾಂಕಿನ ಪಾಸ್‌ವರ್ಡು ರಾಹುಕಾಲದ ಪಕ್ಕ, ಮಿಂಚಂಚೆಯದು ಶೂನ್ಯಮಾಸದ ಅಂಚಿನಲ್ಲಿ, ವಿದ್ಯುತ್ ಬಿಲ್ಲಿನದು ಗ್ರಹಣದ ಪುಟದಲ್ಲಿ. ಕಾರ್ಡಿನ ಪಿನ್ನನ್ನು ಮಾತ್ರ ಗುಟ್ಟಾಗಿರಲೆಂದು ವಧೂವರ ಸಾಲಾವಳಿಯ ಕೋಷ್ಟಕದೊಳಗೆ ಅಂಕಿಗಳ ನಡುವೆ ಸೇರಿಸಿದ್ದೆ. ಆ ವರ್ಷ ಅಮ್ಮ ನೆಂಟರ ಹುಡುಗಿಯೊಬ್ಬಳ ಸಾಲಾವಳಿ ನೋಡಿ ಗುಣ ಬಹಳ ಚೆನ್ನಾಗಿ ಕೂಡಿಬಂದಿದೆ ಎಂದು ಹೇಳಿಕಳಿಸಿದರು. ಅದರಲ್ಲಿ ನನ್ನ ಪಿನ್ನಿನ ಪಾಲೆಷ್ಟು ಎಂದು ನಾನು ಈವರೆಗೆ ವಿಚಾರಿಸಿಲ್ಲ. ಗಂಡ ಹೆಂಡತಿ ಚೆನ್ನಾಗಿದ್ದಾರೆ.

ಪಾಸ್‌ವರ್ಡ್ ಮರೆತರೆ ಗುಟ್ಟಿನ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು? ನಮ್ಮ ಸೀಮೆಯಲ್ಲಿ ಮನೆಯ ಹಸುವಿಗೆ ಗೌರಿ ಎಂದೋ ಗಂಗೆ ಎಂದೋ ಕರೆಯದವರು ಯಾರಿದ್ದಾರೆ? ಎರಡನೇ ಏಟಿಗೆ ಬೀಗ ತೆಗೆಯಬಹುದು. ನಿಮ್ಮ ತಾಯಿಯ ಮದುವೆಗೆ ಮುಂಚಿನ ಹೆಸರೇನು? ಇದನ್ನು ನಮ್ಮಮ್ಮ ಸೊಪ್ಪು ಮಾರಲು ಬರುವವಳಿಗೂ ಹೇಳಿದ್ದಾರೆ, ಜತೆಗೆ ಆ ಹೆಸರು ಬದಲಾಯಿಸಿದ ಅತ್ತೆಯ ಸ್ವಭಾವವನ್ನೂ.

ಇನ್ನು ಓಟಿಪಿ. ಬರೀ ಕಾರ್ಡಿನ ನಂಬರು ಸಾಲದು, ಆನ್‌ಲೈನಿನಲ್ಲಿ ದುಡ್ಡು ಕೊಡುವಾಗ ಇನ್ನೊಂದು ಪರೀಕ್ಷೆಯೂ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಎರಡು ಹಂತದ ಭದ್ರತೆ. ನಮ್ಮ ಮನೆಯಲ್ಲಿ ಮೂರು ಹಂತ. ಖಾತೆ ನನ್ನ ಹೆಸರಿನದು, ಅದಕ್ಕೆ ಜೋಡಿಸಿದ ಫೋನ್ ನಂಬರು ಇವಳದು. ಹೇಗೆ ಹೀಗಾಯಿತು ಎಂದು ಕೇಳಬೇಡಿ. ಮದುವೆಯಾದವರಿಗೆ ಹೇಳಬೇಕಾಗಿಲ್ಲ, ಆಗದವರಿಗೆ ಹೇಳಿದರೆ ತಿಳಿಯುವುದಿಲ್ಲ. ನಾನು ಓದುವ ಕೋಣೆಯಿಂದ ಕೂಗಬೇಕು.

‘ಏ ಇವಳೇ, ಓಟಿಪಿ ಬಂತಾ?’

ಅಡುಗೆಮನೆಯಿಂದ ಕುಕ್ಕರಿನ ಒಂದು ಸೀಟಿ.

‘ಬಂತಾ? ಹೊತ್ತು ಮೀರಿಹೋಗತ್ತೆ ಕಣೇ!’

‘ಏನು ತರಿಸ್ತಿದೀರಿ?’

ಇದೇ ಮೂರನೇ ಹಂತ. ರಿಸರ್ವ್ ಬ್ಯಾಂಕಿಗೆ ಇದು ಹೊಳೆದಿಲ್ಲ. ನೀವು ನೀವೇ ಹೌದೋ ಎಂಬುದನ್ನಷ್ಟೇ ಅದು ಕೇಳುತ್ತದೆ, ನಿಮಗೆ ಬುದ್ಧಿ ಇದೆಯೇ ಎಂದು ಕೇಳುವುದಿಲ್ಲ.

‘ಪುಸ್ತಕ.’

‘ಎಷ್ಟು?’

‘ಒಂಬೈನೂರ ಐವತ್ತು. ಎರಡು ಸಂಪುಟ.’

ಇನ್ನೊಂದು ಸೀಟಿ. ಮತ್ತೊಂದು. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಅವಧಿ ಮುಗಿಯಿತೆಂದು ಬರುತ್ತದೆ. ಆಮೇಲೆ ಇವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ‘ಓಟಿಪಿ ಯಾರು ಕೇಳಿದ್ರೂ ಹೇಳ್ಬೇಡಿ ಅಂತ ಮೆಸೇಜಲ್ಲೇ ಬರೆದಿದಾರೆ’ ಎಂದು ಓದಿ ಹೇಳುತ್ತಾಳೆ. ಆ ಎರಡು ಸಂಪುಟ ಇನ್ನೂ ಅಂಗಡಿಯಲ್ಲೇ ಇವೆ.

ಇಷ್ಟೆಲ್ಲ ಓದಿದ ನನಗೆ ಕಣ್ಣೆದುರಿಗೆ ವಂಚನೆ ಬಂದಾಗ ಏನಾಯಿತೆಂದರೆ, ಬಹಳ ಸಂತೋಷವಾಯಿತು. ವಾಟ್ಸಾಪಿಗೆ ಮದುವೆಯ ಆಮಂತ್ರಣ ಬಂದಿತ್ತು. ಗಣಪತಿಯ ಚಿತ್ರ, ‘ತಾವು ಸಕುಟುಂಬ ಸಪರಿವಾರ ಆಗಮಿಸಿ’ ಎಂಬ ಒಕ್ಕಣೆ, ಕೆಳಗೊಂದು ಕಡತ. ಕರೆದವರು ಯಾರೆಂದು ಗೊತ್ತಿಲ್ಲದಿದ್ದರೂ ಕರೆದರಲ್ಲ! ಲೇಖಕನೆಂದು ಗುರುತಿಸಿ ಯಾರೋ ಓದುಗರು ಕಳಿಸಿರಬೇಕು. ಕಡತದ ಹೆಸರಿನ ಕೊನೆಗೆ ಎಪಿಕೆ ಎಂದಿತ್ತು. ಎಪಿಕೆ ಅಂದರೆ ಕಾಗದವಲ್ಲ, ಚಿತ್ರವಲ್ಲ, ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಕೂರಿಸುವ ಕಡತ. ಒತ್ತಿ, ಕೇಳಿದ್ದಕ್ಕೆಲ್ಲ ಹೂಂ ಅಂದರೆ ಒಳಗೆ ಕೂತು ನಮ್ಮ ಮೆಸೇಜು, ಓಟಿಪಿ ಎಲ್ಲ ಓದಿಕೊಂಡು ಖಾತೆ ಬಳಿಯುವಂಥದ್ದು. ಇದನ್ನು ನಾನೇ ಹಿಂದಿನ ಭಾನುವಾರ ಊಟದಲ್ಲಿ ವಿವರಿಸಿದ್ದೆ. ಆದರೂ ಹೋಳಿಗೆ ಇರಬಹುದೇ, ಗಿಫ್ಟಿಗೆ ಏನು ಕೊಡುವುದು ಅಂತ ಯೋಚಿಸುತ್ತ ಬೆರಳು ಮುಂದೆ ಮಾಡಿದೆ.

‘ಯಾರದೋ ಮದುವೆ?’ ಅಂದರು ಅಮ್ಮ, ಬತ್ತಿ ಹೊಸೆಯುತ್ತ.

‘ಯಾರೋ ನನ್ನ ಅಭಿಮಾನಿಗಳು. ಮುಂದಿನ ವಾರವಂತೆ.’

ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ‘ಆಷಾಢದಲ್ಲಿ ಯಾವನೋ ಮದುವೆ ಮಾಡ್ತಾನೆ? ಮುಟ್ಟಬೇಡ, ಅದು ಕಳ್ಳರದು.’

ಫೈರ್‌ವಾಲ್, ಆಂಟಿವೈರಸ್, ದುಡ್ಡು ಕೊಟ್ಟು ಕೊಂಡ ಒಂದು ವರ್ಷದ ಚಂದಾ, ಇವೆಲ್ಲ ಸುಮ್ಮನೆ ಬಾಯಿಮುಚ್ಚಿಕೊಂಡು ಕೂತಿದ್ದಾಗ ಹಿಡಿದದ್ದು ಪಂಚಾಂಗ! ಮಗಳಿಗೆ ಫೋನಿನಲ್ಲಿ ಹೇಳಿದರೆ, ಅವಳು ತನ್ನ ಆಫೀಸಿನಲ್ಲೆಲ್ಲ ಹೇಳಿಕೊಂಡು ನಕ್ಕಳಂತೆ. ಯಾರನ್ನೂ ನಂಬಬೇಡ, ಒಳಗಿನವರೇ ಆದರೂ ಪ್ರತಿ ಸಲ ಪರೀಕ್ಷಿಸು ಎಂಬ ತತ್ವಕ್ಕೆ ಅವರಲ್ಲಿ ‘ಝೀರೋ ಟ್ರಸ್ಟ್’ ಅನ್ನುತ್ತಾರಂತೆ. ಅದನ್ನು ಜಾರಿಗೆ ತರಲು ದೊಡ್ಡ ದೊಡ್ಡ ಕಂಪನಿಗಳು ಒದ್ದಾಡುತ್ತಿವೆಯಂತೆ. ನಮ್ಮ ಮನೆಯಲ್ಲಿ ನನ್ನ ಮದುವೆಗೆ ಮುಂಚಿನಿಂದಲೂ ಜಾರಿಯಲ್ಲಿದೆ.

ಆಮೇಲೆ ಒಂದು ಮಧ್ಯಾಹ್ನ ನಮ್ಮ ಸ್ಥಿರ ದೂರವಾಣಿಗೆ ‘ಪೊಲೀಸ್ ಅಧಿಕಾರಿ’ಯ ಕರೆ ಬಂತು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂಬ ಮಾಮೂಲು ವರಸೆ. ಅಂಥದೊಂದು ಅರೆಸ್ಟು ನಮ್ಮ ಕಾನೂನಿನಲ್ಲೇ ಇಲ್ಲ. ಕರೆ ಕತ್ತರಿಸಿ 1930ಕ್ಕೆ ದೂರು ಕೊಡಬೇಕು. ನಾನು ಇದ್ದಿದ್ದರೆ ಎದ್ದು ನಿಂತು ‘ಸಾರ್’ ಅನ್ನುತ್ತಿದ್ದೆನೇನೋ. ಎತ್ತಿದ್ದು ಅಮ್ಮ. ‘ಯಾವೂರಪ್ಪ ನಿಂದು?’ ಎಂದು ಶುರುವಾಯಿತು. ದೆಹಲಿ ಅಂದ. ‘ಕನ್ನಡ ಚೆನ್ನಾಗಿ ಮಾತಾಡ್ತೀಯಲ್ಲ, ತಾಯಿ ಕಡೆಯವರು ಈ ಕಡೆಯೋರಾ? ಯಾರ ಪೈಕಿ?’ ಎಂದರು. ಅವನು ಗದರಿದ. ‘ಊಟ ಆಗಿಲ್ಲ ಅಂತ ಕಾಣತ್ತೆ, ಹೊಟ್ಟೆ ಹಸಿದಾಗ ಹೀಗೇ ಸಿಟ್ಟು ಬರೋದು’ ಎಂದು ತಮ್ಮ ಮಂಡಿನೋವಿನ ಕಡೆ ಮಾತು ಹೊರಳಿಸಿದರು. ಫೋನ್ ಇಟ್ಟವನು ಅವನೇ. ಯಾರ ಪೈಕಿ ಎಂದು ತಿಳಿಯಲಿಲ್ಲವಲ್ಲ ಎಂದು ಅಮ್ಮ ಸಂಜೆಯವರೆಗೂ ಪೇಚಾಡಿದರು.

ಅಜ್ಜಿಯ ಈ ಪ್ರತಾಪಕ್ಕೆ ಮೆಚ್ಚಿ ಮಗಳು ಒಂದು ಸ್ಮಾರ್ಟ್‌ಫೋನ್ ತಂದುಕೊಟ್ಟಳು. ದೊಡ್ಡ ಅಕ್ಷರ, ಕನ್ನಡ ಕೀಲಿಮಣೆ, ಪುರಾಣ ಪ್ರವಚನ ಕೇಳಲು ಒಂದು ಆ್ಯಪು. ಆ್ಯಪ್ ತೆರೆದ ಕೂಡಲೇ ‘ಷರತ್ತುಗಳಿಗೆ ಒಪ್ಪಿದ್ದೇನೆ’ ಎಂದು ಬಂತು. ನಾನು ಅಭ್ಯಾಸಬಲದಿಂದ ಬೆರಳು ಚಾಚಿದೆ. ಅಮ್ಮ ನನ್ನ ಕೈ ಹಿಡಿದುಕೊಂಡರು.

‘ಏನಂತ ಬರೆದಿದೆ?’

‘ಏನಿಲ್ಲಮ್ಮ, ಸುಮ್ಮನೆ ಒಪ್ಪಿದ್ರಾಯ್ತು.’

‘ನಿಮ್ಮ ತಾತನೂ ಹಾಗೇ ಅಂದಿದ್ದು. ಓದು.’

ಷರತ್ತೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಸಾಲು ಓದಿ ಕನ್ನಡಕ್ಕೆ ತಿರುಗಿಸಬೇಕು, ಅಮ್ಮ ಕಣ್ಣುಮುಚ್ಚಿಕೊಂಡು ಕೇಳಬೇಕು. ಕಂಪನಿ ಯಾವಾಗ ಬೇಕಾದರೂ ಷರತ್ತು ಬದಲಿಸಬಹುದು ಎಂಬಲ್ಲಿಗೆ ಬಂದಾಗ, ‘ಬದಲಿಸಿದ್ದನ್ನ ಮನೆಗೆ ಬಂದು ಹೇಳ್ತಾರಾ?’ ಎಂದರು. ಇಲ್ಲವೆಂದೆ. ಇದರಿಂದ ಏನೇ ನಷ್ಟವಾದರೂ ಕಂಪನಿ ಜವಾಬ್ದಾರಿಯಲ್ಲ ಎಂಬಲ್ಲಿ, ‘ಹಾಗಾದ್ರೆ ಇವರು ಇರೋದು ಯಾತಕ್ಕೆ?’ ಎಂದರು. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಬೇಕು ಎಂಬಲ್ಲಿ, ‘ಪ್ರವಚನ ಹೇಳೋರಿಗೆ ನಮ್ಮ ಹಾಲಿನವನ ನಂಬರು ಯಾಕೆ?’ ಎಂದರು. ಇದಕ್ಕೆ ಮಗಳ ಹತ್ತಿರವೂ ಉತ್ತರ ಇರಲಿಲ್ಲ. ಇವಳು ದೀಪ ಹಚ್ಚಿ ಬಂದು, ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತ ಕೂತಳು. ನಾನು ನೀರು ಕುಡಿದು ಮುಂದುವರಿಸಿದೆ. ಕೊನೆಯ ಹತ್ತಿರ, ವ್ಯಾಜ್ಯವೇನಾದರೂ ಬಂದರೆ ಅದು ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲೇ ತೀರ್ಮಾನವಾಗತಕ್ಕದ್ದು ಎಂದಿತ್ತು.

‘ಅದೆಲ್ಲಿ ಬರತ್ತೆ?’

‘ಅಮೆರಿಕದಲ್ಲಮ್ಮ. ಪಶ್ಚಿಮ ತೀರ.’

‘ಅಲ್ಲಿಗೆ ಯಾರು ಹೋಗ್ತಾರೆ, ನೀನಾ? ಮನೆ ಖಾತೆ ಮಾಡಿಸಕ್ಕೆ ಕಾರ್ಪೊರೇಷನ್ ಆಫೀಸಿಗೆ ಹೋಗು ಅಂತ ಹೇಳ್ತಾನೇ ಇದೀನಿ, ಇವತ್ತಿಗೂ ಹೋಗಿಲ್ಲ’ ಎಂದು ಅಮ್ಮ ಕಣ್ಣು ತೆರೆದರು. ‘ಬೇಡ. ನನಗೆ ಒಪ್ಪಿಗೆಯಿಲ್ಲ ಅಂತ ಹೇಳಿಬಿಡು.’

ಒಪ್ಪಿಗೆಯಿಲ್ಲ ಎಂದು ಹೇಳಲು ಅಲ್ಲಿ ಗುಂಡಿಯೇ ಇರಲಿಲ್ಲ. ಹಿಂದಕ್ಕೆ ಹೋಗು ಎಂಬ ಬಾಣದ ಗುರುತಿತ್ತು, ಅದನ್ನು ಒತ್ತಿದೆ. ಅಮ್ಮ ಹಳೆಯ ರೇಡಿಯೊಗೆ ಮರಳಿದರು. ಅದು ಇವರಿಂದ ಈವರೆಗೆ ಏನನ್ನೂ ಕೇಳಿಲ್ಲ. ಹೊಸ ಫೋನು ಸುಮ್ಮನೆ ಬಿದ್ದಿರುವುದು ಬೇಡವೆಂದು ಈಗ ನಾನೇ ಬಳಸುತ್ತಿದ್ದೇನೆ. ಷರತ್ತುಗಳಿಗೆಲ್ಲ ಒಪ್ಪಿದ್ದೇನೆ. ಹೆಚ್ಚುಕಡಿಮೆಯಾಗಿ ವ್ಯಾಜ್ಯವೇ ಬಂದರೆ ಕ್ಯಾಲಿಫೋರ್ನಿಯಾಕ್ಕೆ ಅಮ್ಮನನ್ನು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.